ನಾಲ್ಕು ನಲವತ್ತರ ಬಸ್ಸು

ಜನರ ಕಣ್ಣೆದುರೇ ಖಾಲಿ ಬಸ್ಸನ್ನು ಹೊರಡಿಸಿಕೊಂಡು ಹೋಗಬೇಕಾದರೆ ಮುಖಕ್ಕೆ ಎಮ್ಮೆ ಚರ್ಮ ಇರಬೇಕು. ಏಳನೇ ನಂಬರಿನ ಕಂಡಕ್ಟರಮ್ಮನಿಗೆ ಅಂಥ ಚರ್ಮ ಇರಲಿಲ್ಲ. ಆದರೂ ಐದು ಭಾನುವಾರಗಳಿಂದ ಅವಳು ಅದನ್ನೇ ಮಾಡುತ್ತಿದ್ದಳು.

ಕಡಲ ತೀರದ ಕೊನೆಯ ನಿಲ್ದಾಣ, ಸಂಜೆ ನಾಲ್ಕೂಕಾಲು. ತಗಡಿನ ಚಾವಣಿಯ ಕೆಳಗೆ ಐವತ್ತು ಜನ ಒತ್ತಿಕೊಂಡು ನಿಂತಿದ್ದರು. ಒದ್ದೆ ಬಟ್ಟೆ, ಕೈಯಲ್ಲಿ ಚಪ್ಪಲಿ, ಸೊಂಟದ ಮೇಲೆ ಮಗು, ಮತ್ತೆ ಮನೆಗೊಂದರಂತೆ ಹಸಿರು ಕಾಗದ. 'ಒಂದು ದಿನ, ನಾಲ್ಕು ಜಾಗ' ಅಂತ ನಗರಸಭೆಯ ಉದ್ಯಾನ ಕಚೇರಿ ಅಚ್ಚು ಹಾಕಿಸಿ ಬೀದಿಬೀದಿಗೆ ಹಂಚಿದ ಕಾಗದ ಅದು. ಬೆಳಿಗ್ಗೆ ಹೂದೋಟ, ಹನ್ನೊಂದೂವರೆಗೆ ಕೆರೆಯ ಪಾರ್ಕು, ಎರಡು ಗಂಟೆಗೆ ಕಡಲು. ಅಲ್ಲಿಂದ ನಾಲ್ಕು ನಲವತ್ತರ ಬಸ್ಸಿನಲ್ಲಿ ಗುಡ್ಡದ ಪಾರ್ಕು. ಐದೂವರೆಗೆ ಅದೇ ಬಸ್ಸು ಕೆಳಗಿಳಿಸುತ್ತದೆ, ಆರೂ ಐದಕ್ಕೆ ಊರಿನ ಕಡೆ ಹೊರಡುತ್ತದೆ. ಕಾರು ಇಲ್ಲದವರೂ ಮಕ್ಕಳು ಮುದುಕರನ್ನು ಕಟ್ಟಿಕೊಂಡು ಒಂದು ದಿನ ಸುತ್ತಿ ಬರಬಹುದು ಅಂತ ಯಾರೋ ತಲೆ ಓಡಿಸಿ, ನಿಮಿಷ ನಿಮಿಷಕ್ಕೂ ಯೋಚಿಸಿ ಮಾಡಿದ ಯೋಜನೆ.

ಎಲ್ಲ ಸರಿಯಾಗಿತ್ತು. ಆ ನಾಲ್ಕು ನಲವತ್ತರ ಬಸ್ಸೊಂದು ಇರಲಿಲ್ಲ, ಅಷ್ಟೇ.

ಹಿಂದೆ ಇತ್ತು. ಎಂಟು ವರ್ಷಗಳ ಕೆಳಗೆ ಡಿಪೋದಲ್ಲಿ ರಾತ್ರಿ ಬಸ್ಸು ತೊಳೆಯುವವರ ಕೆಲಸ ತೆಗೆದರು. ಹಗಲು ಹೊತ್ತೇ ತೊಳೆಯಬೇಕು ಅಂತಾಯಿತು. ಗುಡ್ಡಕ್ಕೆ ಹೋಗುವವರು ಹೇಗೂ ಕಡಿಮೆ ಎಂದು ಏಳನೇ ನಂಬರನ್ನು ಆ ಹೊತ್ತಿಗೆ ಡಿಪೋಗೆ ಕರೆಸಿಕೊಳ್ಳತೊಡಗಿದರು. ವೇಳಾಪಟ್ಟಿಯಿಂದ ಒಂದು ಟ್ರಿಪ್ಪು ತೆಗೆಯಬೇಕಾದರೆ ಮೂರು ಕಚೇರಿಗಳ ಒಪ್ಪಿಗೆ ಬೇಕು. ಯಾರು ಅಲೆಯುತ್ತಾರೆ? ಪಟ್ಟಿಯಲ್ಲಿ ಹಾಗೇ ಬಿಟ್ಟರು. ದಿನಾ ಸಂಜೆ ಟೈಮ್‌ಕೀಪರ್ ರಿಜಿಸ್ಟರಿನಲ್ಲಿ ನಾಲ್ಕು ನಲವತ್ತರ ಮುಂದೆ 'ಓಡಿದೆ' ಎಂದು ಬರೆದಿಡುವುದು, ಡ್ರೈವರೂ ಕಂಡಕ್ಟರೂ ಸಹಿ ಹಾಕುವುದು. ಬಸ್ಸು ನೀರು ಕುಡಿಯಿತು, ಇವರು ಟೀ ಕುಡಿದರು, ಕಾಗದ ಗುಡ್ಡ ಹತ್ತಿ ಇಳಿಯಿತು. ಯಾರಿಗೂ ತೊಂದರೆ ಆಗಲಿಲ್ಲ. ಹಸಿರು ಕಾಗದ ಬರುವ ತನಕ.

"ಏನಮ್ಮಾ, ಬಸ್ಸು ಖಾಲಿ ಇದೆ, ನಾವು ಇಷ್ಟು ಜನ ಇದೀವಿ. ಬಾಗಿಲು ತೆಗಿಯೋಕೆ ಏನು ರೋಗ ನಿನಗೆ?" ಹೆಗಲ ಮೇಲೆ ಮಗು ಕೂರಿಸಿಕೊಂಡವನೊಬ್ಬ ಬಸ್ಸಿನ ಬದಿಗೆ ಬಡಿದ.

"ಬೋರ್ಡು ಓದೋಕೆ ಬರಲ್ವಾ? ಡಿಪೋಗೆ ಅಂತ ಇದೆ!"

"ಹಾಗಾದ್ರೆ ನಾಲ್ಕು ನಲವತ್ತರದು ಬರುತ್ತಾ?"

"ಬರುತ್ತೆ, ಬರುತ್ತೆ. ದೂರ ನಿಲ್ಲಿ, ಚಕ್ರಕ್ಕೆ ಕಾಲು ಕೊಡಬೇಡಿ!"

ಬಸ್ಸು ತಿರುವು ದಾಟಿತು. ಕನ್ನಡಿಯಲ್ಲಿ ಆ ಐವತ್ತು ಜನ ಸಣ್ಣಗಾಗುತ್ತಾ ಹೋದರು.

"ಬರುತ್ತೆ ಅಂದ್ಯಲ್ಲ, ಯಾವ ಲೋಕದಿಂದ ಬರುತ್ತೆ?" ಡ್ರೈವರಣ್ಣ ಕೇಳಿದ. ಹದಿನೆಂಟು ವರ್ಷಗಳಿಂದ ಅವಳ ಮುಂದೆ ಕೂತು ಓಡಿಸಿದವನು. ಅವಳ ಸಿಟ್ಟಿಗೆ ಇಡೀ ಡಿಪೋ ಗುಡುಗಮ್ಮ ಎಂದು ಹೆಸರಿಟ್ಟಿದ್ದರೂ ಎದುರಿಗೆ ಹಾಗೆ ಕರೆಯುವ ಧೈರ್ಯ ಇದ್ದದ್ದು ಅವನೊಬ್ಬನಿಗೆ.

"ನೀನು ಬಾಯಿ ಮುಚ್ಕೊಂಡು ಓಡಿಸು."

ಆರೂ ಐದಕ್ಕೆ ತೊಳೆದ ಬಸ್ಸು ತಗೊಂಡು ಬಂದಾಗ ಐವತ್ತು ಜನ ನೂರಿಪ್ಪತ್ತಾಗಿದ್ದರು. ಅದೇ ಕೊನೆಯ ಬಸ್ಸು. ಒಳಗೆ ಉಸಿರಾಡಲು ಜಾಗ ಇಲ್ಲದಷ್ಟು ತುಂಬಿದ ಮೇಲೂ ಮೂವತ್ತು ಜನ ಹೊರಗಿದ್ದರು. ಮೆಟ್ಟಿಲಿಗೆ ನೇತುಬಿದ್ದವರ ಬೆರಳುಗಳನ್ನು ಅವಳು ಒಂದೊಂದಾಗಿ ಬಿಡಿಸಬೇಕಾಯಿತು. ಎರಡು ಮಕ್ಕಳ ತಾಯಿಯೊಬ್ಬಳು ಕೆಳಗಿಳಿಯುತ್ತಾ ಹಿಂತಿರುಗಿ ಹೇಳಿದಳು, "ನಿನ್ನ ಮನೆಯೋರೂ ಒಂದಿನ ಹೀಗೇ ನಡುಬೀದೀಲಿ ನಿಲ್ಲಲಿ. ಆಗ ಗೊತ್ತಾಗುತ್ತೆ."

ಬೈಗುಳಕ್ಕೆ ಬೈಗುಳ ಕೊಡುವುದರಲ್ಲಿ ಗುಡುಗಮ್ಮ ಎತ್ತಿದ ಕೈ. ಅವತ್ತು ಬರೀ ಬೆಲ್ ಎಳೆದಳು.

*

ಮನೆಗೆ ಬಂದರೆ ಅದೇ ಹಸಿರು ಕಾಗದ ಅಡುಗೆಮನೆಯ ಬೀರುವಿನ ಬಾಗಿಲಿಗೆ ಅಂಟಿಕೊಂಡಿತ್ತು.

ಮನೆಯೆಂದರೆ ಎರಡು ಕೋಣೆ, ಇಬ್ಬರು ಹೆಂಗಸರು, ಒಂದು ಸಂಬಳ. ಗಂಡ ತೀರಿಕೊಂಡು ಆರು ವರ್ಷ. ಉಳಿದವರು ಅವಳು ಮತ್ತು ಅತ್ತೆ. ಅತ್ತೆಗೆ ಎಪ್ಪತ್ತಮೂರು. ಮಂಡಿ ಎರಡೂ ಹೋಗಿದ್ದವು, ನಾಲಗೆ ಮಾತ್ರ ಹೊಸದರ ಹಾಗೇ ಇತ್ತು.

"ಮುಂದಿನ ಭಾನುವಾರ ನಾವು ಆರು ಜನ ಹೋಗ್ತಿದೀವಿ" ಅಂದರು ಅತ್ತೆ. "ಎದುರು ಮನೆಯಾಕೆ, ಮೂಲೆ ಮನೆ ಅಕ್ಕತಂಗೇರು, ಎಲ್ಲಾ. ಹೂದೋಟದಲ್ಲಿ ಬೆಂಚು ಎಲ್ಲಿದೆ, ಕೆರೆ ಹತ್ರ ಪಾಯಿಖಾನೆ ಎಲ್ಲಿದೆ, ಎಲ್ಲಾ ಬರೆದಿದಾರೆ ನೋಡು. ಯಾವ ಪುಣ್ಯಾತ್ಗಿತ್ತಿ ಬರೆದಳೋ. ಮಂಡಿ ನೋವಿರೋರ ಮನಸ್ಸು ಗೊತ್ತಿರೋಳು."

"ಬೇಡ" ಅಂದಳು ಸೊಸೆ.

"ಯಾಕೆ ಬೇಡ?"

"ಬಿಸಿಲು."

"ಚಳಿಗಾಲದಲ್ಲಿ ಎಂಥಾ ಬಿಸಿಲೇ?"

"ರಶ್ಶು ಇರುತ್ತೆ. ನಿಮ್ಮ ಕೈಲಿ ಆಗಲ್ಲ. ಕಡಲಿನ ತನಕ ಬೇಕಾದ್ರೆ ಹೋಗಿ, ಮೂರು ಗಂಟೆಗೇ ವಾಪಸ್ ಹೊರಟುಬಿಡಿ. ಆ ಗುಡ್ಡಕ್ಕೆ ಮಾತ್ರ ಹೋಗಬೇಡಿ."

"ಗುಡ್ಡ ನೋಡೋಕೇ ಹೋಗ್ತಿರೋದು! ನಲವತ್ತು ವರ್ಷದಿಂದ ಈ ಊರಲ್ಲಿದೀನಿ, ಮೇಲಿಂದ ಒಂದು ಸಲ ಊರು ಹೇಗೆ ಕಾಣುತ್ತೆ ಅಂತ ನೋಡಿಲ್ಲ. ಬಸ್ಸು ಬಾಗಿಲ ತನಕ ಹೋಗುತ್ತೆ ಅಂತ ಇದೆ. ನಿನ್ನದೇ ಬಸ್ಸು ಕಣೇ, ಏಳನೇ ನಂಬರು, ನಾಲ್ಕು ನಲವತ್ತು. ನಿನಗೆ ಗೊತ್ತಿಲ್ವಾ?"

ಹೇಳಬಹುದಿತ್ತು. ಅಂಥ ಬಸ್ಸಿಲ್ಲ ಅತ್ತೆ, ಎಂಟು ವರ್ಷದಿಂದ ನಾನು ಸುಳ್ಳು ಸಹಿ ಹಾಕ್ತಿದೀನಿ ಅಂತ. ಅತ್ತೆಗೆ ಹೇಳಿದರೆ ಎದುರು ಮನೆಗೆ ಹೇಳಿದ ಹಾಗೆ, ಎದುರು ಮನೆಗೆ ಹೇಳಿದರೆ ಡಂಗುರ ಹೊಡೆಸಿದ ಹಾಗೆ. ಡಂಗುರ ಡಿಪೋ ತನಕ ಹೋದರೆ ಇರುವ ಒಂದು ಸಂಬಳಕ್ಕೂ ಕಲ್ಲು.

"ನಿಮ್ಮಿಷ್ಟ ಬಂದ ಹಾಗೆ ಸಾಯಿರಿ" ಎಂದು ಗುಡುಗಿ ಅವಳು ಮುಖ ತೊಳೆಯಲು ಹೋದಳು. ಅತ್ತೆ ಹಿಂದಿನಿಂದ, "ಸಾಯೋಕ್ಕಲ್ಲ, ಸುತ್ತೋಕೆ!" ಅಂದರು.

*

ಮಂಗಳವಾರ ಅವಳ ವಾರದ ರಜೆ. ಬೆಳಿಗ್ಗೆ ಹತ್ತಕ್ಕೆ ಉದ್ಯಾನ ಕಚೇರಿಯ ಮೆಟ್ಟಿಲು ಹತ್ತುವಾಗಲೇ ಅವಳ ಬಾಯಿ ಕಾದಿತ್ತು. ಯಾವನೋ ಫ್ಯಾನಿನ ಕೆಳಗೆ ಕೂತು, ಹೊರಗೆ ಕಾಲಿಡದೆ, ಫೋನು ನೋಡಿಕೊಂಡು ಬರೆದಿರುತ್ತಾನೆ. ಅವನ ಜನ್ಮ ಜಾಲಾಡಿಸಿಬಿಡಬೇಕು.

ಇದ್ದವಳು ಇಪ್ಪತ್ತೆಂಟು ವರ್ಷದ ಹುಡುಗಿ. ಬಿಸಿಲಿಗೆ ಮೂಗಿನ ತುದಿ ಸುಲಿದಿತ್ತು. ಮೇಜಿನ ಮೇಲೆ ಮಣ್ಣು ಮೆತ್ತಿದ ಅಳತೆ ಟೇಪು.

"ಈ ಕಾಗದ ಮಾಡಿದ್ದು ನೀನೇನಾ?"

"ನಾನೇ. ಚೆನ್ನಾಗಿದೆಯಾ?" ಹುಡುಗಿಯ ಮುಖ ಅರಳಿತು.

"ಚೆನ್ನಾಗಿದೆಯಾ ಅಂತೆ! ಭಾನುವಾರ ಬಂದು ನೋಡು, ಎಷ್ಟು ಚೆನ್ನಾಗಿ ನಿನ್ನ ವಂಶ ಉದ್ಧಾರ ಮಾಡ್ತಿದಾರೆ ಅಂತ. ಇಲ್ಲದ ಬಸ್ಸಿಗೆ ಜನ ಕಾಯಿಸ್ತೀಯಲ್ಲ, ಒಂದು ಸಲನಾದ್ರೂ ಅಲ್ಲಿ ಹೋಗಿ ನಿಂತಿದ್ಯಾ? ಸರ್ಕಾರದ ಕಾಗದ ಪುಗಸಟ್ಟೆ ಅಂತ ಬಾಯಿಗೆ ಬಂದದ್ದು ಅಚ್ಚು ಹಾಕಿಸೋದಾ?"

ಹುಡುಗಿ ಅಳಲಿಲ್ಲ. ಎದ್ದು ನಿಂತಳು. ಅವಳಿಗೂ ಕೋಪ ಬರುತ್ತದೆ ಎಂಬುದು ಆಗ ಗೊತ್ತಾಯಿತು.

"ನಾಲ್ಕೂ ಜಾಗಕ್ಕೆ ಹನ್ನೊಂದು ಸಲ ಹೋಗಿದೀನಿ. ನನ್ನ ಸ್ಕೂಟರಲ್ಲಿ, ನನ್ನ ಪೆಟ್ರೋಲಲ್ಲಿ. ಯಾವ ಮರದ ಕೆಳಗೆ ಎಷ್ಟು ಹೊತ್ತಿಗೆ ನೆರಳಿರುತ್ತೆ ಅಂತ ಕೂತು ನೋಡಿದೀನಿ. ಬಸ್ಸಿನ ವಿಷಯ ನಾನು ಹೇಗೆ ಹೇಳಲಿ? ನಿಮ್ಮ ಡಿಪೋನ ಕೇಳಿದೆ. ಸುಮ್ನೆ ಪಟ್ಟಿ ಕೊಟ್ರೆ ಸಾಲದು, ದಿನಾ ಓಡುತ್ತೆ ಅಂತ ದಾಖಲೆ ಕೊಡಿ ಅಂದೆ. ಕೊಟ್ರು."

ಕಪಾಟಿನಿಂದ ಒಂದು ಕಡತ ತೆಗೆದು ಮೇಜಿನ ಮೇಲೆ ಬಿಚ್ಚಿದಳು. ರಿಜಿಸ್ಟರಿನ ನಕಲು. ಮೂರು ತಿಂಗಳು, ತೊಂಬತ್ತು ಸಾಲು. ನಾಲ್ಕು ನಲವತ್ತು, ಓಡಿದೆ. ನಾಲ್ಕು ನಲವತ್ತು, ಓಡಿದೆ. ಪ್ರತಿ ಸಾಲಿನ ತುದಿಗೂ ಎರಡೆರಡು ಸಹಿ.

"ಈ ಸಹಿ ಯಾರದ್ದೋ ನನಗೆ ಗೊತ್ತಿಲ್ಲ" ಅಂದಳು ಹುಡುಗಿ. "ಯಾರದ್ದೋ ಅವರನ್ನ ಹೋಗಿ ಬೈಯಿರಿ. ಅವರು ಓಡಿದೆ ಅಂದದ್ದನ್ನ ನಂಬಿ ನಾನು ಬರೆದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗುಡುಗಮ್ಮನ ಬಲಗೈ ತಾನಾಗಿ ಸೆರಗಿನೊಳಗೆ ಹೋಯಿತು. ಆ ಸಹಿಯ ಬಾಲ, ಕೊನೆಯಲ್ಲಿ ಅಡ್ಡ ಎಳೆದ ಗೀಟು, ಅದು ಹಳ್ಳಿ ಶಾಲೆಯ ಮೇಷ್ಟರು ಕೈ ಹಿಡಿದು ತಿದ್ದಿಸಿದ ಗೀಟು.

"ನೀರು ಕುಡೀತೀರಾ?" ಅಂದಳು ಹುಡುಗಿ, ಇನ್ನೂ ಸಿಟ್ಟಿನಲ್ಲೇ.

"ಬೇಡ" ಎಂದು ಇಳಿದುಬಂದಳು. ಬೀದಿಯಲ್ಲಿ ನಿಂತು ಯಾರನ್ನು ಬೈಯಬೇಕೆಂದು ತಿಳಿಯದೆ ದಾರಿಗಡ್ಡ ಬಂದ ಸೈಕಲ್ಲಿನವನನ್ನು ಬೈದಳು.

*

ಡಿಪೋ ಮ್ಯಾನೇಜರ್ ಅವಳ ಮಾತನ್ನೆಲ್ಲ ಕಿವಿಯಲ್ಲಿ ಪೆನ್ಸಿಲ್ ಆಡಿಸುತ್ತಾ ಕೇಳಿದ.

"ಆಯ್ತು. ಟ್ರಿಪ್ಪು ಓಡಲ್ಲ ಅಂತ ಉದ್ಯಾನದೋರಿಗೆ ಬರೆದುಕೊಡೋಣ. ಎಂದಿನಿಂದ ಓಡಲ್ಲ ಅಂತ ಕೇಳ್ತಾರೆ. ಎಂಟು ವರ್ಷ ಅಂತ ಹೇಳ್ಲಾ?"

ಅವನು ಪೆನ್ಸಿಲನ್ನು ಕಿವಿಯಿಂದ ತೆಗೆದು ಅವಳ ಕಡೆ ತೋರಿಸಿದ.

"ನಾನು ಬಂದು ಎರಡು ವರ್ಷ. ನನಗಿಂತ ಮುಂಚೆ ಇದ್ದೋರು ಇಬ್ರು ರಿಟೈರಾಗಿ ಮೊಮ್ಮಕ್ಕಳನ್ನ ಆಡಿಸ್ತಿದಾರೆ. ಎಂಟೂ ವರ್ಷ ಇರೋ ಸಹಿ ಯಾರದ್ದಮ್ಮ? ನಿನ್ನದು, ನಿನ್ನ ಡ್ರೈವರದು. ಆ ಮುದುಕನಿಗೆ ಇನ್ನು ಹದಿನಾಲ್ಕು ತಿಂಗಳು. ಪಿಂಚಣಿ ಬಾಯಿಗೆ ಬರೋ ಹೊತ್ತಿಗೆ ಮಣ್ಣು ಹಾಕ್ತೀಯಾ?"

"ಹಾಗಾದ್ರೆ ಓಡಿಸೋಣ ಸಾರ್. ತೊಳೆಯೋದು ಬೇರೆ ಹೊತ್ತಿಗೆ ಇಟ್ಕೊಳ್ಳಿ."

"ಬೇರೆ ಹೊತ್ತು ಎಲ್ಲಿದೆ? ತೊಳೆಯೋರು ಇರೋದು ಮೂರು ಜನ, ಐದೂವರೆಗೆ ಪೈಪು ಸುತ್ತಿಟ್ಟು ಹೋಗ್ತಾರೆ. ಹಾವೂ ಸಾಯಬಾರದು, ಕೋಲೂ ಮುರೀಬಾರದು. ಜನಕ್ಕೆ ಇನ್ನು ನಾಲ್ಕು ವಾರ ಕಾದು ಬುದ್ಧಿ ಬರುತ್ತೆ, ಆಮೇಲೆ ಅವರೇ ಬರಲ್ಲ. ಹೋಗು, ಡ್ಯೂಟಿ ಮಾಡು."

ಜನಕ್ಕೆ ಬುದ್ಧಿ ಬರುತ್ತೆ. ವಾರವಿಡೀ ಟಿಕೆಟ್ ಹರಿಯುವಾಗಲೆಲ್ಲ ಆ ಮಾತು ಹಲ್ಲಿಗೆ ಸಿಕ್ಕಿದ ಕಲ್ಲಿನಂತೆ ಕಟಕಟ ಎನ್ನುತ್ತಿತ್ತು. ವಾರಕ್ಕೆ ಆರು ದಿನ ದುಡಿದು ಏಳನೇ ದಿನ ಮಕ್ಕಳಿಗೆ ನೀರು ತೋರಿಸಲು ಬಂದವರು ಬುದ್ಧಿ ಕಲಿಯಬೇಕಂತೆ. ಕಲಿಸುವವನು ಕಿವಿಯಲ್ಲಿ ಪೆನ್ಸಿಲ್ ಇಟ್ಟುಕೊಂಡವನಂತೆ. ಅವನ ಮೇಲಿನ ಸಿಟ್ಟು ಶುಕ್ರವಾರದ ತನಕ ಸಾಕಾಯಿತು. ಶನಿವಾರ ಸಂಜೆ ರಿಜಿಸ್ಟರಿಗೆ ಸಹಿ ಹಾಕುವಾಗ ಅದು ತಿರುಗಿ ಅವಳನ್ನೇ ಕಚ್ಚಿತು. ಕೈ ತಾನಾಗಿ ಹೋಗಿ, ಬಾಲ ಎಳೆದು, ಗೀಟು ಹಾಕಿ ವಾಪಸ್ಸು ಬಂದಿತ್ತು. ಕಣ್ಣು ಓದಿರಲೇ ಇಲ್ಲ.

*

ಭಾನುವಾರ ಬೆಳಿಗ್ಗೆ ಅವಳು ಡ್ಯೂಟಿಗೆ ಹೊರಟಾಗ ಅತ್ತೆ ಬುತ್ತಿ ಕಟ್ಟುತ್ತಿದ್ದರು.

ಸಂಜೆ ನಾಲ್ಕೂ ಹತ್ತಕ್ಕೆ ಬಸ್ಸು ಕಡಲ ತೀರಕ್ಕೆ ಬಂತು. ಚಾವಣಿಯ ಕೆಳಗೆ ಅರವತ್ತು ಜನ. ಮುಂದಿನ ಸಾಲಿನಲ್ಲೇ ಆರು ಮುದುಕಿಯರು, ಸಿಮೆಂಟ್ ಕಟ್ಟೆಯ ಮೇಲೆ ಶಾಲೆ ಮಕ್ಕಳ ಹಾಗೆ ಸಾಲಾಗಿ ಕೂತಿದ್ದರು. ಸೀರೆಯಂಚು ಮಂಡಿಯ ತನಕ ಒದ್ದೆ. ಅತ್ತೆ ಕೈ ಬೀಸಿದರು. ಪಕ್ಕದವಳಿಗೆ, "ನಾನು ಹೇಳಲಿಲ್ವಾ? ಹೊತ್ತಿಗೆ ಮುಂಚೇನೇ ಬಂದಿದಾಳೆ ನಮ್ಮ ಹುಡುಗಿ" ಎಂದದ್ದು ಬಸ್ಸಿನೊಳಗೂ ಕೇಳಿಸಿತು.

ಡ್ರೈವರಣ್ಣ ಬೋರ್ಡು ಬದಲಿಸಲು ಕೈ ಹಾಕಿದ. 'ಡಿಪೋಗೆ'.

"ಮುಟ್ಟಬೇಡ" ಅಂದಳು ಅವಳು.

"ಯಾಕೆ?"

"ಗುಡ್ಡಕ್ಕೆ ಹೋಗೋಣ."

ಅವನು ಸೀಟಿನಲ್ಲಿ ಪೂರ್ತಿ ತಿರುಗಿ ಕೂತ. "ಗುಡುಗಮ್ಮ, ಹದಿನಾಲ್ಕು ತಿಂಗಳು. ಬರೀ ಹದಿನಾಲ್ಕು. ನಿನ್ನ ಕಾಲಿಗೆ ಬೀಳ್ತೀನಿ."

"ಕಾಲಿಗೆ ಬೀಳಬೇಡ, ಕಿವಿ ಕೊಡು. ರಿಜಿಸ್ಟರಲ್ಲಿ ಇವತ್ತಿನ ಸಾಲಿನ ಮುಂದೆ ಏನಿರುತ್ತೆ?"

"ಓಡಿದೆ ಅಂತ ಇರುತ್ತೆ."

"ಓಡಿಸಿದ್ರೆ ತಪ್ಪು ಅಂತ ಯಾವ ಮಗ ಬರೀತಾನೆ? ಬರೆದ್ರೆ ಇಷ್ಟು ವರ್ಷ ಓಡಿಲ್ಲ ಅಂತ ಅವನೇ ಒಪ್ಪಿಕೊಂಡ ಹಾಗೆ. ನಿನ್ನ ಮೇಲೆ ಏನಂತ ಕೇಸು ಹಾಕ್ತಾರೆ? ಪಟ್ಟೀಲಿರೋ ಬಸ್ಸು ಪಟ್ಟೀಲಿರೋ ಹೊತ್ತಿಗೆ ಓಡಿಸಿದ ಅಂತಲಾ?"

ಅವನು ಸ್ಟೀರಿಂಗ್ ಕಡೆ ತಿರುಗಿದ. ಆಮೇಲೆ ನಗುವಿಗೆ ಹೊಟ್ಟೆ ಕುಲುಕತೊಡಗಿತು.

"ಈ ತಲೆ ಎಂಟು ವರ್ಷ ಎಲ್ಲಿಗೆ ಮೇಯೋಕೆ ಹೋಗಿತ್ತೇ?"

"ನಿನ್ನ ಪಕ್ಕದಲ್ಲೇ ಕೂತು ಟೀ ಕುಡೀತಿತ್ತು. ನಗಬೇಡ. ನನಗೆ ನಗು ಬರ್ತಿಲ್ಲ."

ಸೀಟಿನ ಹಿಂದೆ ಕೈ ಹಾಕಿ ತಡಕಿದಳು. 'ಗುಡ್ಡದ ಪಾರ್ಕು' ಎಂಬ ಹಳೆಯ ಬೋರ್ಡು ಧೂಳು ಮೆತ್ತಿಕೊಂಡು ಅಲ್ಲೇ ಬಿದ್ದಿತ್ತು. ಸೆರಗಿನಿಂದ ಒರೆಸಿ ಗಾಜಿಗೆ ನಿಲ್ಲಿಸಿ ಬಾಗಿಲು ತೆಗೆದಳು.

"ಗುಡ್ಡ! ಗುಡ್ಡ! ಮೊದಲು ವಯಸ್ಸಾದೋರು! ಏಯ್ ಕನ್ನಡಕ, ನಿನಗೆ ಎಪ್ಪತ್ತಾಗಿದೆಯಾ? ಹಿಂದೆ ಸರಿ!"

ಹತ್ತಿದವರೆಲ್ಲ ಸಂತೋಷಪಡಲಿಲ್ಲ. ಹೆಗಲ ಮೇಲೆ ಮಗು ಕೂರಿಸಿಕೊಂಡವನು ಇವತ್ತೂ ಬಂದಿದ್ದ. ಟಿಕೆಟ್ ತಗೊಳ್ಳುತ್ತಾ ಎಲ್ಲರಿಗೂ ಕೇಳುವಂತೆ ಅಂದ, "ಹೋದ ವಾರ ಬರುತ್ತೆ ಬರುತ್ತೆ ಅಂದು ಖಾಲಿ ಬಸ್ಸಲ್ಲಿ ಓಡಿಹೋದ್ಯಲ್ಲ ತಾಯಿ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?" ಹಿಂದಿನಿಂದ ಇನ್ನೊಬ್ಬಳು, "ಐದು ವಾರ ಈ ಬಸ್ಸು ಬಂದೇ ಇಲ್ಲ, ಗೊತ್ತಾ?" ಎಂದಳು.

ಅತ್ತೆಯ ಮುಖದಿಂದ ನಗು ಇಳಿಯಿತು. ಅವರು ದಡ್ಡಿಯಲ್ಲ. ಮೂರನೇ ಸೀಟಿನಿಂದ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದರು.

"ಗುಡ್ಡಕ್ಕೆ ಹೋಗಬೇಡಿ ಅಂದದ್ದು ಇದಕ್ಕಾ?"

"ಹೂಂ."

"ಈ ಬಸ್ಸು ಇರಲೇ ಇಲ್ವಾ?"

"ಇರಲಿಲ್ಲ."

"ಎಷ್ಟು ದಿನದಿಂದ?"

"ಎಂಟು ವರ್ಷ."

"ನನ್ನ ಮಗ ಇರೋವಾಗಿಂದ" ಅಂದರು ಅತ್ತೆ. "ನನ್ನನ್ನ ಆ ಕಟ್ಟೆ ಮೇಲೆ ಕೂರಿಸಿ ನನ್ನ ಕಣ್ಣೆದುರೇ ಹೋಗಿಬಿಡ್ತಿದ್ಯಾ ಇವತ್ತು?"

ಆ ಕಟ್ಟೆಯ ಮೇಲೆ ಅತ್ತೆ ಇಲ್ಲದೆ ಬೇರೆ ಆರು ಮುದುಕಿಯರಿದ್ದಿದ್ದರೆ ಬೋರ್ಡು ಬದಲಾಗುತ್ತಿತ್ತೇ ಎಂಬುದು ಗುಡುಗಮ್ಮನಿಗೇ ಗೊತ್ತಿರಲಿಲ್ಲ. ಬಹುಶಃ ಇಲ್ಲ. ಅದನ್ನು ನೆನೆದರೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನಿಸಿತು.

"ಟಿಕೆಟ್ ಕೊಡು. ಆರು" ಅಂದರು ಅತ್ತೆ. ಟಿಕೆಟ್ ಸೆರಗಿಗೆ ಕಟ್ಟಿಕೊಂಡು ಕಿಟಕಿಯ ಕಡೆ ತಿರುಗಿದರು. ಗುಡ್ಡದ ಮೇಲೆ ಇಳಿದು, ಮೂಲೆ ಮನೆ ಅಕ್ಕನ ತೋಳು ಹಿಡಿದು, ಕಂಬಿಯ ತನಕ ಉಳಿದವರ ಜೊತೆ ನಿಧಾನಕ್ಕೆ ನಡೆದು ಹೋದರು. ಊರು ಕೆಳಗಿತ್ತು. ಬಸ್ಸಿನ ಬಾಗಿಲಲ್ಲಿ ನಿಂತ ಸೊಸೆಗೆ ಆರು ಬೆನ್ನು ಕಾಣುತ್ತಿದ್ದವು. ಯಾರದ್ದೋ ಮನೆ ಎಲ್ಲಿದೆ ಎಂದು ಜಗಳ ಶುರುವಾಗಿತ್ತು. "ಅದು ನಮ್ಮ ಬೀದಿಯಲ್ಲ ಕಣೇ ಕುರುಡಿ, ಅದು ಆಸ್ಪತ್ರೆ!"

*

ಮಾರನೆಯ ದಿನ ಮ್ಯಾನೇಜರ್ ಅರ್ಧ ಗಂಟೆ ಕೂಗಿದ. ಯಾರನ್ನು ಕೇಳಿ ಓಡಿಸಿದೆ ಅಂದ. ಪಟ್ಟಿ ಕೇಳಿ ಅಂದಳು. ಸಸ್ಪೆಂಡ್ ಮಾಡ್ತೀನಿ ಅಂದ. ಮಾಡಿ ಸಾರ್, ಕಾರಣ ಮಾತ್ರ ಸ್ಪಷ್ಟವಾಗಿ ಬರೀರಿ, ಕನ್ನಡಕ ಹಾಕ್ಕೊಂಡು ಓದ್ತೀನಿ ಅಂದಳು. ಅವನು ಕಾಗದ ತೆಗೆದ, ಪೆನ್ನಿನ ಮುಚ್ಚಳ ತೆಗೆದ, ಒಂದು ಸಾಲು ಬರೆದ, ಹರಿದ. ಇನ್ನೊಂದು ಬರೆದ, ಅದನ್ನೂ ಹರಿದ. ಬಾಗಿಲ ಹತ್ತಿರ ನಿಂತ ಡ್ರೈವರಣ್ಣ ಮೇಲಿನ ತೊಲೆ ಎಣಿಸುತ್ತಿದ್ದ.

ಬುಧವಾರ ಮೆಮೊ ಬಂತು. ಅದರಲ್ಲಿ ಗುಡ್ಡದ ಸುದ್ದಿಯೇ ಇರಲಿಲ್ಲ. 'ಭಾನುವಾರ ಸಂಜೆ ಏಳನೇ ನಂಬರಿನ ವಾಹನವನ್ನು ನಿಗದಿತ ಸಮಯಕ್ಕೆ ತೊಳೆಯಲು ಒಪ್ಪಿಸಿಲ್ಲ. ಪರಿಶೀಲನೆಯಲ್ಲಿ ವಾಹನದ ಒಳಗೆ ಅಪಾರ ಪ್ರಮಾಣದ ಮರಳು ಕಂಡುಬಂದಿದೆ. ಈ ನಿರ್ಲಕ್ಷ್ಯಕ್ಕೆ ನಿಮ್ಮ ವಾರದ ರಜೆಯನ್ನು ಏಕೆ ರದ್ದುಪಡಿಸಬಾರದು? ಮೂರು ದಿನಗಳಲ್ಲಿ ಲಿಖಿತ ಉತ್ತರ ನೀಡುವುದು.'

ಡ್ರೈವರಣ್ಣ ಓದಿ, "ರಜೆ ತಾನೇ, ಹೋಗಲಿ ಬಿಡು. ತಪ್ಪಾಯ್ತು ಅಂತ ಬರೆದುಕೊಡು, ಬೆಟ್ಟದಂಥದ್ದು ಇಲಿಯಾಗಿ ಹೋಯ್ತು" ಅಂದ.

"ತಪ್ಪು ಬೇರೆ ಮಾಡಿದೀನಿ. ಇದನ್ನಲ್ಲ" ಎಂದು ಅವಳು ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು, ಟಿಕೆಟ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬರೆದಳು. ಸಿಟ್ಟಿಗೆ ಪೆನ್ನು ಎರಡು ಕಡೆ ಕಾಗದ ತೂತು ಮಾಡಿತು.

'ಮಾನ್ಯರೆ, ಬಸ್ಸಿನಲ್ಲಿ ಮರಳು ಇದ್ದದ್ದು ನಿಜ. ಅದು ಅರವತ್ತನಾಲ್ಕು ಪ್ರಯಾಣಿಕರ ಕಾಲಿನಿಂದ ಬಂದದ್ದು. ಖಾಲಿ ಬಸ್ಸಿಗೆ ಮರಳು ಹತ್ತುವುದಿಲ್ಲ. ಬರುವ ಭಾನುವಾರವೂ ಇರುತ್ತದೆ. ತೊಳೆಯುವವರು ಏಳೂವರೆ ತನಕ ಇರುವಂತೆ ಮಾಡಿ, ಇಲ್ಲದಿದ್ದರೆ ನನಗೊಂದು ಪೊರಕೆ ಕೊಡಿಸಿ.'

ಕೆಳಗೆ ಸಹಿ ಹಾಕುವ ಮೊದಲು ಬರೆದದ್ದನ್ನು ಒಂದು ಸಲ ಮೇಲಿಂದ ಕೆಳಗಿನ ತನಕ ಓದಿದಳು.